ಗೃಹನಿರ್ಮಾಣವಿಧಿಯ ಪೂರ್ವರೂಪ

ಗೃಹಪ್ರವೇಶವೆಂದೊಡನೆ ನಮ್ಮ ನಾಡಿನವರ ಕಣ್ಣಮುಂದೆ ನಿಲ್ಲುವುವು ಬಾಗಿಲಿನ ತೋರಣ, ಕರುವಿನೊಡನೆ ಒಳಹೊಗುವ ಹಸು, ಹೊಸ ಒಲೆಯ ಮೇಲೆ ಉಕ್ಕುವ ಹಾಲು, ಪುರೋಹಿತರ ವಾಸ್ತುಹೋಮ. ಈ ಕರ್ಮದ ಮೂಲವು ಅತಿ ಪ್ರಾಚೀನವಾದುದು. ಆದರೆ ಆ ಮೂಲದಲ್ಲಿ ದಿಕ್ಕುಗಳ ಭಯಕ್ಕಿಂತ ಮಣ್ಣಿನ ಪರೀಕ್ಷೆಯೇ ಮುಂದಾಗಿದ್ದಿತೆಂಬುದನ್ನು ಈಗ ಅನೇಕರು ಮರೆತಿರುವರು.

ಋಗ್ವೇದದ ಏಳನೆಯ ಮಂಡಲದ ೫೪ನೆಯ ಸೂಕ್ತದಲ್ಲಿರುವುವು ಮೂರೇ ಋಕ್ಕುಗಳು. ಅದರ ದೇವತೆ ವಾಸ್ತೋಷ್ಪತಿ, ಎಂದರೆ ಮನೆಯ ಒಡೆಯ. ರೋಗವಿಲ್ಲದ ವಾಸವನ್ನೂ ಗೋಸಂಪತ್ತನ್ನೂ ಬೇಡಿ, ತಂದೆಯು ಮಕ್ಕಳಿಗೆ ಒಲಿಯುವಂತೆ ನಮಗೆ ಒಲಿಯೆಂದು ಋಷಿಯು ಪ್ರಾರ್ಥಿಸುತ್ತಾನೆ. ಅಥರ್ವವೇದದ ಶಾಲಾಸೂಕ್ತಗಳಲ್ಲಿ ಕಾಣುವ ಮನೆಯಾದರೋ ಬಿದಿರು, ಹುಲ್ಲು, ಹಗ್ಗದ ಕಟ್ಟುಗಳಿಂದಾದುದು. ಗಂಟುಗಳನ್ನು ಬಿಚ್ಚಿ ಅದನ್ನು ವಧುವಿನಂತೆ ಬೇಕಾದೆಡೆಗೆ ಒಯ್ಯಬಹುದಾಗಿದ್ದಿತು! ತುಂಬಿದ ಕುಂಭವನ್ನು ತರುವಂತೆ ಗೃಹಿಣಿಯನ್ನು ಕರೆಯುವ ಮಾತೂ ಅಲ್ಲಿಯೇ ಇದೆ.

ವಿಧಿಯ ವಿವರವು ದೊರೆಯುವುದು ಆಶ್ವಲಾಯನ ಗೃಹ್ಯಸೂತ್ರದ ಎರಡನೆಯ ಅಧ್ಯಾಯದಲ್ಲಿ. ಭೂಮಿಯು ಚೌಳಾಗಿರಬಾರದು, ವಿವಾದಕ್ಕೆ ಒಳಪಟ್ಟಿರಬಾರದು, ಗಿಡಮರಗಳಿಂದ ಕೂಡಿರಬೇಕು. ವ್ಯಾಜ್ಯದ ನೆಲವನ್ನು ಕೊಂಡು ಶಾಂತಿ ಮಾಡಿಸುವವರು ಈ ಸೂತ್ರವನ್ನೊಮ್ಮೆ ಓದತಕ್ಕದ್ದು. ಅನಂತರ ಮೊಣಕಾಲುದ್ದದ ಗುಂಡಿಯನ್ನು ತೋಡಿ, ಅದೇ ಮಣ್ಣಿನಿಂದ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದಿದ್ದರೆ ತ್ಯಾಜ್ಯ. ಸೂರ್ಯಾಸ್ತದಲ್ಲಿ ಗುಂಡಿಗೆ ನೀರು ತುಂಬಿ ರಾತ್ರಿ ಬಿಟ್ಟು ನೋಡುವುದು ಇನ್ನೊಂದು ಪರೀಕ್ಷೆ: ಬೆಳಗ್ಗೆ ನೀರು ನಿಂತಿದ್ದರೆ ಉತ್ತಮ, ತೇವ ಮಾತ್ರವಿದ್ದರೆ ಮಧ್ಯಮ, ಒಣಗಿದ್ದರೆ ಬಿಡತಕ್ಕದ್ದು. ನೆಲದ ಗಟ್ಟಿತನವನ್ನರಿಯಲು ಹಳ್ಳಿಯ ಒಕ್ಕಲಿಗನೂ ಇದಕ್ಕಿಂತ ಸುಲಭವಾದ ಉಪಾಯವನ್ನು ಹೇಳಲಾರನು. ಕಂಬದ ಗುಂಡಿಯಲ್ಲಿ ಅವಕಾ, ಶೀಪಾಲವೆಂಬ ನೀರುಸಸ್ಯಗಳನ್ನಿಟ್ಟರೆ ಮನೆಗೆ ಬೆಂಕಿ ತಾಗದೆಂದು ಸೂತ್ರವು ಹೇಳುತ್ತದೆ. ಹುಲ್ಲುಮನೆಯವರಿಗೆ ಬೆಂಕಿಗಿಂತ ದೊಡ್ಡ ಶತ್ರುವಾವುದು? ಪ್ರವೇಶಕಾಲದಲ್ಲಿ ಮನೆಯು ಬರಿದಾಗಿರದೆ ಬೀಜಧಾನ್ಯದಿಂದ ಕೂಡಿರಬೇಕೆಂಬುದೂ ವಿಧಿ.

ವಾಸ್ತುಪುರುಷನ ಕಥೆಯು ಮುಂದಿನ ಗ್ರಂಥಗಳದು. ಕ್ರಿಸ್ತಶಕ ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದನ್ನು ಸಂಕ್ಷೇಪವಾಗಿ ಹೇಳಿದ್ದಾನೆ. ಭೂಮ್ಯಾಕಾಶಗಳನ್ನು ತಡೆದು ನಿಂತ ಒಂದು ಭೂತವನ್ನು ದೇವತೆಗಳು ಹಿಡಿದು ಅಧೋಮುಖವಾಗಿ ಕೆಡವಿದರು. ಯಾವ ಅಂಗವನ್ನು ಯಾವ ದೇವತೆ ಹಿಡಿದನೋ ಅವನೇ ಆ ಅಂಗಕ್ಕೆ ಅಧಿಪತಿಯಾದನು. ಹೀಗೆ ೮೧ ಪದಗಳ ಮಂಡಲದಲ್ಲಿ ೪೫ ದೇವತೆಗಳು ನೆಲೆಸಿದರು. ನಡುವಿನ ೯ ಪದಗಳು ಬ್ರಹ್ಮನವು. ಮರ್ಮಸ್ಥಾನಗಳ ಲೆಕ್ಕವು ಈ ಮಂಡಲವನ್ನೇ ಆಶ್ರಯಿಸಿದೆ.

ಆದರೂ ವರಾಹಮಿಹಿರನು ಹಳೆಯ ಪರೀಕ್ಷೆಯನ್ನು ಕೈಬಿಡಲಿಲ್ಲ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಹಿಂದಿರುಗುವಷ್ಟರಲ್ಲಿ ನೀರು ಕುಗ್ಗದಿದ್ದರೆ ಆ ಭೂಮಿ ಶುಭವೆಂದಿದ್ದಾನೆ. ಬೇರೆ ಬೇರೆ ವರ್ಣದವರಿಗೆ ತಕ್ಕ ಭೂಮಿಯನ್ನು ನಿರ್ಣಯಿಸುವ ಆ ಪ್ರಕರಣದಲ್ಲಿಯೇ, ಯಾರ ಮನಸ್ಸು ಯಾವ ನೆಲದಲ್ಲಿ ರಮಿಸುವುದೋ ಆ ನೆಲ ಅವರಿಗೆ ಶುಭಕರವೆಂದೂ ಹೇಳಿದ್ದಾನೆ. ದಿಕ್ಕುಗಳ ದೋಷಕ್ಕಾಗಿ ಕಟ್ಟಿದ ಗೋಡೆಯನ್ನು ಒಡೆಯಿಸುವವರ ಬಾಯಲ್ಲಿ ಈ ಮಾತು ಕೇಳಿಬರುವುದು ಅಪೂರ್ವ.