ಇಳಿಜಾರಿನ ಊರಿನಲ್ಲಿ ಚಾಸಿ ಬೆಳೆದ ಬಗೆ

ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಬರ್ಟ್ ಬೀದಿಯ ಒಂದು ಭಾಗದ ಇಳಿಜಾರು ಶೇ 31.5. ನೂರು ಅಡಿ ಸಾಗುವಷ್ಟರಲ್ಲಿ ರಸ್ತೆ ಮೂವತ್ತು ಅಡಿಗೂ ಮಿಗಿಲಾಗಿ ಕೆಳಗಿಳಿದಿರುತ್ತದೆ. 1910ರ ದಶಕದ ಬಹುತೇಕ ದುಬಾರಿ ಕಾರುಗಳಿಗೂ ಬ್ರೇಕ್ ಇದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಗುರಾದ ಹಿಂಚಕ್ರ ಜಾರುತ್ತದೆ. ಇಂಥ ಊರಿನಲ್ಲಿ ಎಂಜಿನ್ನಿನ ಬಲಕ್ಕಿಂತ ಚಾಸಿಯ, ಅಂದರೆ ಬಾಡಿಯ ಕೆಳಗಿನ ಫ್ರೇಮು, ಚಕ್ರ, ಬ್ರೇಕುಗಳ ಗುಣವೇ ಜೀವ ಕಾಯುವಂಥದ್ದು.

ಆದರೂ ಮೊದಲು ಎಲ್ಲರನ್ನೂ ಸೆಳೆದದ್ದು ಬಲವೇ. ಆಗ ಸಿರಿವಂತರು ಬರೀ ಚಾಸಿ ಕೊಂಡು, ಮೇಲಿನ ಬಾಡಿಯನ್ನು ಬೇರೆಡೆ ಕಟ್ಟಿಸಿಕೊಳ್ಳುವುದು ರೂಢಿ. ಕೊಲ್ಲಿಯಾಚೆಯ ಓಕ್‌ಲ್ಯಾಂಡಿನ ಫೇಜಲ್ ಸೋದರರು 1917ರ ಷಿಕಾಗೋ ಪ್ರದರ್ಶನಕ್ಕೆ ಒಯ್ದ ಚಾಸಿಗೆ 9,500 ಡಾಲರ್ ಬೆಲೆ ಇಟ್ಟಿದ್ದರು. ಅದರಲ್ಲಿದ್ದದ್ದು ಬರ್ಕ್ಲಿಯ ಹಾಲ್-ಸ್ಕಾಟ್ ಕಂಪನಿಯ ವಿಮಾನದ ಎಂಜಿನ್. ಅಮೆರಿಕ ಮೊದಲ ಮಹಾಯುದ್ಧಕ್ಕಿಳಿಯಿತು, ಎಂಜಿನ್‌ಗಳು ವಿಮಾನಗಳ ಪಾಲಾದವು, ಕಾರು ಅಲ್ಲಿಗೇ ನಿಂತಿತು.

ನಿಜವಾದ ತಿರುವು ಬ್ರೇಕಿನಲ್ಲಿ ಬಂತು. ನಾಲ್ಕೂ ಚಕ್ರಗಳಿಗೆ ಬ್ರೇಕ್ ಕೂಡಿಸುವ ಪ್ರಯತ್ನ ಯುರೋಪಿನಲ್ಲಿ ನಡೆದೇ ಇತ್ತು. 1919ರ ಹಿಸ್ಪಾನೊ-ಸುಯಿಸಾ ಎಚ್6 ಕಾರು ಅದರಲ್ಲಿ ಮೇಲುಗೈ ಸಾಧಿಸಿತು. ಕಷ್ಟವಿದ್ದದ್ದು ಪೆಡಲನ್ನು ಬ್ರೇಕಿಗೆ ಜೋಡಿಸುವ ಸರಳು, ಕೇಬಲ್ಲುಗಳಲ್ಲಿ. ಒಂದು ಬಿಗಿಯಾಗಿ ಇನ್ನೊಂದು ಸಡಿಲವಾದರೆ ಕಾರು ಒಂದೇ ಕಡೆಗೆ ಎಳೆಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೈಟ್ ಕಂಪನಿಯ ಉಗಿ ಕಾರುಗಳ ಮೆಕ್ಯಾನಿಕ್ ಆಗಿ ದುಡಿದು, 1913ರಲ್ಲಿ ತಮ್ಮ ಅಲನ್ ಜೊತೆ ಅಲ್ಲಿನ ಕೊಲ್ಲಿಯಿಂದಲೇ ಕಡಲ ವಿಮಾನ ಹಾರಿಸಿದ ಮಾಲ್ಕಂ ಲಾಕ್‌ಹೀಡ್, ಸರಳಿನ ಬದಲು ದ್ರವವನ್ನು ನಂಬಿದ. ಪೆಡಲ್ ಒತ್ತಿದರೆ ಕೊಳವೆಯೊಳಗಿನ ದ್ರವದ ಒತ್ತಡ ಎಲ್ಲ ಚಕ್ರಕ್ಕೂ ಒಂದೇ ಸಮ ತಲುಪುತ್ತದೆ. ತತ್ತ್ವ ಹದಿನೇಳನೇ ಶತಮಾನದ ವಿಜ್ಞಾನಿ ಪ್ಯಾಸ್ಕಲ್‌ನಷ್ಟು ಹಳೆಯದು. ಸೋರದಂತೆ ದ್ರವವನ್ನು ಹಿಡಿದಿಡುವುದೇ ಸವಾಲು. ಬ್ರೇಕಿನ ಪಿಸ್ಟನ್ನಿಗೆ ಹಾಕಿದ್ದ ಚರ್ಮದ ಬಟ್ಟಲುಗಳು ಸೋರುತ್ತಿದ್ದವು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ಕಂಪನಿ ಈ ಬ್ರೇಕನ್ನು ಅಳವಡಿಸಿಕೊಂಡಿತು. ಕ್ರೈಸ್ಲರ್ ಎಂಜಿನಿಯರುಗಳು ಚರ್ಮ ತೆಗೆದು ರಬ್ಬರ್ ಕೂರಿಸಿ 1924ರ ಮಧ್ಯಮ ಬೆಲೆಯ ಕಾರಿಗೂ ಅದನ್ನು ತಂದರು. ನನ್ನ ಲೆಕ್ಕದಲ್ಲಿ ಆ ಕಾಲದ ಯಾವ ಹನ್ನೆರಡು ಸಿಲಿಂಡರಿನ ಎಂಜಿನ್ನಿಗಿಂತಲೂ ಈ ರಬ್ಬರ್ ಬಟ್ಟಲು ದೊಡ್ಡದು.

ಹನ್ನೆರಡು ಸಿಲಿಂಡರಿನ ಕಾರೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿತ್ತು. ಪಿಯಾನೊ ತಯಾರಕ ಗುಸ್ತಾವ್ ಹೈನೆಯ ಮೊದಲ ಕಾರು ಉದ್ಯಮ 1906ರ ಭೂಕಂಪಕ್ಕೆ ಸಿಕ್ಕಿ ಮುಗಿದಿತ್ತು. 1921ರಲ್ಲಿ ಆತ ಮತ್ತೆ ಕಟ್ಟಿದ ಹೈನೆ-ವೆಲಾಕ್ಸ್‌ಗೆ ಹೈಡ್ರಾಲಿಕ್ ಬ್ರೇಕ್ ಇತ್ತು, 148 ಅಂಗುಲದ ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಇತ್ತು. ತಯಾರಾದದ್ದು ಬೆರಳೆಣಿಕೆಯಷ್ಟು.

ಫೇಜಲ್ ಸೋದರರ ಎರಡನೇ ಪ್ರಯತ್ನ ಇದಕ್ಕಿಂತ ದೂರ ಹೋಯಿತು. ಅಲ್ಲಿಯವರೆಗೆ ಬಸ್ಸೆಂದರೆ ಲಾರಿಯ ಎತ್ತರದ ಚಾಸಿಯ ಮೇಲೆ ಕೂರಿಸಿದ ಡಬ್ಬಿ, ತಿರುವಿನಲ್ಲಿ ಓಲಾಡುತ್ತಿತ್ತು. 1920ರ ದಶಕದ ಆರಂಭದಲ್ಲಿ ಅವರು ಬಸ್ಸಿಗೆಂದೇ ಬೇರೆ ಚಾಸಿ ರೂಪಿಸಿದರು. ಫ್ರೇಮನ್ನು ತಗ್ಗಿಸಿ, ಚಕ್ರಗಳ ನಡುವಿನ ಅಗಲ ಹೆಚ್ಚಿಸಿದ ಆ ‘ಸೇಫ್ಟಿ ಕೋಚ್’ ಕಾರಿನಷ್ಟೇ ನೆಲಕ್ಕಂಟಿ ಓಡಿತು. ಸಿರಿವಂತರ ಕಾರು ಕಟ್ಟಲು ಹೊರಟವರು ಟಿಕೆಟ್ ಕೊಂಡು ಕೂರುವವರಿಗೆ ಭದ್ರವಾದ ಗಾಡಿ ಕೊಟ್ಟರು. 1930ರ ದಶಕದ ಕೊನೆಗೆ ಫೇಜಲ್ ಕಾರ್ಖಾನೆ ಮರದ ವ್ಯಾಪಾರಿ ಪೀಟರ್‌ಮನ್ ಕೈಸೇರಿ, 1939ರಲ್ಲಿ ಅಲ್ಲಿಂದ ಪೀಟರ್‌ಬಿಲ್ಟ್ ಲಾರಿಗಳು ಹೊರಬಂದವು.