ಹಕಾರದ ಮೌನ: ಒಂದು ಸ್ಪ್ಯಾನಿಶ್ ವಾಕ್ಯ ಮತ್ತು ಕೋಗಿಲಿನ ನೆರೆಯ ಎರಡು ಊರುಗಳು

ಸ್ಪ್ಯಾನಿಶ್ ಬರೆದಂತೆ ಓದುವ ಭಾಷೆ ಎಂಬುದು ರೂಢಿಯ ಮಾತು. ಕನ್ನಡದ ಬಗೆಗೂ ಹೀಗೆಯೇ ಹೇಳುತ್ತಾರೆ. ಎರಡೂ ಹೇಳಿಕೆಗಳು ಹಕಾರದಲ್ಲಿ ಎಡವುತ್ತವೆ.

‘ಎಲ್ ಓಂಬ್ರೆ ಆಸೆ ಅರೀನ’, ಎಂದರೆ ‘ಮನುಷ್ಯನು ಹಿಟ್ಟು ಮಾಡುತ್ತಾನೆ’. ‘ಎಲ್’ ಪುಲ್ಲಿಂಗದ ಉಪಪದ. ಕ್ರಿಯಾಪದ ಪುರುಷ, ವಚನಗಳನ್ನು ಸೂಚಿಸುತ್ತದೆ. ಕನ್ನಡದಂತೆ ಲಿಂಗವನ್ನು ಸೂಚಿಸುವುದಿಲ್ಲ. ಉಳಿದ ಮೂರು ಪದಗಳನ್ನೂ ಬರೆಯುವಾಗ ಆದಿಯಲ್ಲಿ ಹಕಾರವಿದೆ, ಉಚ್ಚಾರದಲ್ಲಿಲ್ಲ. ಆದರೆ ಈ ಮೌನಗಳ ಮೂಲ ಒಂದೇ ಅಲ್ಲ. ‘ಓಂಬ್ರೆ’ಯದು ಲ್ಯಾಟಿನ್ನಿನ ‘ಹೋಮೊ’ದಿಂದ ಬಂದದ್ದು, ಕ್ಯಾಸ್ಟೀಲಿನ ಮಾತಿನಲ್ಲಿ ಅದು ಎಂದೂ ಕೇಳಿಸಿದ್ದಲ್ಲ. ಉಳಿದೆರಡು ಪದಗಳದು ‘ಫಾಕೆರೆ’, ‘ಫರೀನ’ಗಳ ಫಕಾರ ಸವೆದು ಆದ ಹಕಾರ. 1492ರ ವ್ಯಾಕರಣದಲ್ಲಿ ಆಂತೋನಿಯೊ ದೆ ನೆಬ್ರಿಹಾ ಇದನ್ನು ಧ್ವನಿಯುಳ್ಳ ಅಕ್ಷರವೆಂದೇ ಪರಿಗಣಿಸಿದ್ದನು. ಮುಂದೆ ಧ್ವನಿ ಅಳಿಯಿತು. 1713ರಲ್ಲಿ ಸ್ಥಾಪಿತವಾದ ರಾಜ ಅಕಾಡೆಮಿ ಅಕ್ಷರವನ್ನು ಉಳಿಸಿಕೊಂಡಿತು.

‘ಹಂಸ ಹಾಲನ್ನು ಹೀರಿತು’ ಎಂಬ ವಾಕ್ಯದಲ್ಲೂ ಇದೇ ಬೆರಕೆ: ‘ಹಂಸ’ದ ಹಕಾರ ಸಂಸ್ಕೃತದ್ದು, ‘ಹಾಲು’, ‘ಹೀರು’ಗಳದು ‘ಪಾಲ್’, ‘ಪೀರ್’ಗಳ ಪಕಾರದಿಂದಾದದ್ದು. 13ನೆಯ ಶತಮಾನದ ಕೇಶಿರಾಜನು ಈ ಪಲ್ಲಟವನ್ನು ಶಬ್ದಮಣಿದರ್ಪಣದಲ್ಲಿ ಗಮನಿಸಿದ್ದಾನೆ.

ಇದರ ಸಾಕ್ಷ್ಯ ಕೋಗಿಲಿನ ಎರಡು ಮಗ್ಗುಲಲ್ಲೂ ಇದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ಕಿತ್ತಯ್ಯನ ವೀರಗಲ್ಲು ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ಸೀಮೆಯ ಹೆಸರು ‘ಪೆರ್ಬೊಳಲ್‌ನಾಡು ಮೂವತ್ತು’. ‘ಪೆರ್’ ಎಂದರೆ ಹಿರಿದು, ‘ಪೊಳಲ್’ ಎಂದರೆ ಪಟ್ಟಣ. ಮೊದಲ ಪಕಾರ ಮುಂದೆ ಹಕಾರವಾಯಿತು. ಎರಡನೆಯದು ಸಮಾಸದಲ್ಲಿ ಆಗಲೇ ಬಕಾರವಾಗಿದ್ದುದರಿಂದ ಪಾರಾಯಿತು. ಒಂದೇ ಹೆಸರಿನಲ್ಲಿ ನಿಯಮವೂ ಅದರ ಮಿತಿಯೂ ಹೀಗೆ ಒಟ್ಟಿಗೆ ಸಿಗುವುದು ಅಪರೂಪ. ಇನ್ನೊಂದು ಮಗ್ಗುಲಿನ ಯಲಹಂಕ ತಮಿಳು ಶಾಸನಗಳಲ್ಲಿ ‘ಇಲೈಪಾಕ್ಕ’. ಅಲ್ಲಿ ಪಕಾರ ಹಾಗೆಯೇ ಇದೆ.

ಎರಡು ಭಾಷೆಗಳ ಬರವಣಿಗೆಯೂ ಮೊದಲ ಪಲ್ಲಟವನ್ನು ಒಪ್ಪಿ ಅಕ್ಷರವನ್ನೇ ಬದಲಿಸಿತು. ಎರಡನೆಯದನ್ನು, ಎಂದರೆ ಹಕಾರದ ಲೋಪವನ್ನು, ಒಪ್ಪಲಿಲ್ಲ. ಬೆಂಗಳೂರು ಸೀಮೆಯ ಆಡುಮಾತಿನಲ್ಲಿ ‘ಹಾಲು’ ‘ಆಲು’ ಆಗುತ್ತದೆ. ತಿದ್ದಿಕೊಳ್ಳುವ ಆತುರದಲ್ಲಿ ‘ಅಕ್ಕಿ’ ‘ಹಕ್ಕಿ’ಯೂ ಆಗುವುದುಂಟು. ಇದನ್ನು ಅಶುದ್ಧಿ ಎಂದು ಗುರುತಿಸುವ ಶಾಲೆಯ ಕೆಂಪು ಶಾಯಿ ಭಾಷಾಚರಿತ್ರೆಯ ಒಂದು ಹಂತವನ್ನೇ ತಪ್ಪೆಂದು ಎಣಿಸುತ್ತಿದೆ ಎಂಬುದು ಈ ಲೇಖಕನ ಅಭಿಪ್ರಾಯ. ನೆಬ್ರಿಹಾ ಹುಟ್ಟಿದ ಆಂದಲೂಸಿಯಾದ ಕೆಲವು ಗ್ರಾಮೀಣ ಉಪಭಾಷೆಗಳಲ್ಲಿ ಹಳೆಯ ಫಕಾರದ ಹಕಾರ ಇನ್ನೂ ಕೇಳಿಬರುತ್ತದೆ. ಅಲ್ಲಿ ಗ್ರಾಮ್ಯವೆನಿಸಿರುವುದು ಅದನ್ನು ಉಚ್ಚರಿಸುವುದು.