ಹಳೆಯ ಕಾರಿನ ಜೀರ್ಣೋದ್ಧಾರ: ಮೊದಲು ಹಿಡಿಯಬೇಕಾದ ಕೆಲಸ

ಓಡಾಟ ನಿಂತು ಶಿಥಿಲವಾದ ಹಳೆಯ ಕಾರನ್ನು, ಅದು ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ರೂಪಕ್ಕೆ ಆದಷ್ಟು ಹತ್ತಿರ ತರುವ ಕೆಲಸವೇ ಜೀರ್ಣೋದ್ಧಾರ. ಗ್ಯಾರೇಜುಗಳಲ್ಲಿ ಇದಕ್ಕೆ ರೆಸ್ಟೋರೇಶನ್ ಎಂಬ ಮಾತೇ ಬಳಕೆಯಲ್ಲಿದೆ. ಟಿಂಕರಿಂಗ್, ಎಂಜಿನ್, ವೈರಿಂಗ್, ಪೇಂಟಿಂಗ್, ಸೀಟಿನ ಹೊಲಿಗೆ ಹೀಗೆ ಐದಾರು ಕಸುಬುಗಳು ಇದರಲ್ಲಿ ಕೂಡುತ್ತವೆ. ಯಾವುದನ್ನು ಮೊದಲು ಹಿಡಿಯಬೇಕೆಂಬ ತೀರ್ಮಾನ ತಪ್ಪಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ. ಬಣ್ಣ ಹೊಡೆಸಿದ ಮೇಲೆ ತಳದ ತಗಡು ತುಕ್ಕು ಹಿಡಿದದ್ದು ಕಂಡರೆ, ವೆಲ್ಡಿಂಗ್‌ನ ಕಾವಿಗೆ ಆ ಹೊಸ ಬಣ್ಣ ಸುಟ್ಟುಹೋಗುತ್ತದೆ.

ಉದ್ದೇಶ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಇತ್ಯರ್ಥವಾಗಬೇಕಾದ ಪ್ರಶ್ನೆ, ಈ ಕಾರು ಯಾತಕ್ಕೆ ಎಂಬುದು. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರಲು ಬೇಕಾದ ಕಾರಿಗೂ ಪ್ರದರ್ಶನದಲ್ಲಿ ನಿಲ್ಲಬೇಕಾದ ಕಾರಿಗೂ ಕೆಲಸದ ಸರದಿ ಒಂದೇ ಆಗಿರುವುದಿಲ್ಲ.

ಕೆಲವು ಕಾರುಗಳನ್ನು ಮುಟ್ಟದೆ ಬಿಡುವುದೇ ಸರಿಯಾದ ಕ್ರಮ. ಸ್ವಿಟ್ಜರ್‌ಲೆಂಡ್ ಮತ್ತು ಇಟಲಿಗಳ ಗಡಿಯಲ್ಲಿರುವ ಮಜೋರೆ ಸರೋವರದ ತಳದಿಂದ 2009ರಲ್ಲಿ 1925ರ ಬುಗಾಟಿ ಬ್ರೆಶಿಯಾ ಕಾರೊಂದನ್ನು ಮೇಲೆತ್ತಲಾಯಿತು. ಏಳು ದಶಕಗಳಿಗೂ ಹೆಚ್ಚು ಕಾಲ ನೀರಿನಲ್ಲಿ ಮುಳುಗಿದ್ದ ಅದು 2010ರಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ 2,60,500 ಯೂರೋಗೆ ಮಾರಾಟವಾಯಿತು. ಕೊಂಡವರು ಅದನ್ನು ಹೊಸದು ಮಾಡಲಿಲ್ಲ. ತುಕ್ಕು ತಿಂದ ಅದೇ ರೂಪದಲ್ಲಿ ಕ್ಯಾಲಿಫೋರ್ನಿಯಾದ ವಸ್ತುಸಂಗ್ರಹಾಲಯವೊಂದರಲ್ಲಿ ಇಟ್ಟರು. ಅಮೆರಿಕದ ಪ್ರತಿಷ್ಠಿತ ಪೆಬ್ಬಲ್ ಬೀಚ್ ಸ್ಪರ್ಧೆಯಲ್ಲಿ 2024ರ ಅಗ್ರ ಪ್ರಶಸ್ತಿ 1934ರ ಬುಗಾಟಿ ಟೈಪ್ 59ಕ್ಕೆ ಸಂದಿತು. ಜೀರ್ಣೋದ್ಧಾರಕ್ಕೆ ಒಳಗಾಗದೆ ಮೂಲ ಸ್ಥಿತಿಯಲ್ಲೇ ಉಳಿದು ಬಂದ ಕಾರೊಂದು ಆ ಸ್ಪರ್ಧೆಯಲ್ಲಿ ಅಗ್ರಸ್ಥಾನ ಪಡೆದದ್ದು ಅದೇ ಮೊದಲು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ರೂಪಿಸಿದ ಟ್ಯೂರಿನ್ ಸನ್ನದು ಕೂಡ ಇದ್ದದ್ದನ್ನು ಉಳಿಸುವುದಕ್ಕೇ ಒತ್ತು ಕೊಡುತ್ತದೆ. ಹಳೆಯ ಬಣ್ಣವನ್ನು ಒಮ್ಮೆ ಕೆರೆದು ತೆಗೆದರೆ ಅದನ್ನು ಮತ್ತೆ ತರಲಾಗದು.

ಕಾಗದಪತ್ರ

ಭಾರತದಲ್ಲಿ ಎರಡನೆಯ ಹೆಜ್ಜೆ ಆರ್‌ಸಿ ಪುಸ್ತಕದ ಪರಿಶೀಲನೆ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ಕಾರಿನ ಮೇಲೆ ಕೊರೆದ ಸಂಖ್ಯೆಗಳಿಗೆ ತಾಳೆಯಾಗದಿದ್ದರೆ ಉಳಿದ ಖರ್ಚಿಗೆ ಅರ್ಥವಿಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಐವತ್ತು ವರ್ಷ ದಾಟಿದ ವಾಣಿಜ್ಯೇತರ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ನೋಂದಣಿ ಪಡೆಯಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳು ಇರುತ್ತವೆ. ವಾಹನ ಮೂಲ ರೂಪದಲ್ಲೇ ಇರಬೇಕೆಂಬ ಷರತ್ತೂ ಉಂಟು. ಚಾಸಿ, ಬಾಡಿ, ಎಂಜಿನ್‌ಗಳನ್ನು ಗಣನೀಯವಾಗಿ ಮಾರ್ಪಡಿಸಿದ್ದರೆ ಈ ಅವಕಾಶ ಸಿಗದು. ಆದ್ದರಿಂದ ಹಳೆಯ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವ ಆಲೋಚನೆ ಇದ್ದವರು ಈ ಹಂತದಲ್ಲೇ ಲೆಕ್ಕ ಹಾಕಬೇಕು.

ತಗಡಿನ ಪರೀಕ್ಷೆ

ಭಾರತದ ಶೆಡ್ಡುಗಳಲ್ಲಿ ನಿಂತಿರುವ ಹಳೆಯ ಕಾರುಗಳಲ್ಲಿ ಪ್ರೀಮಿಯರ್ ಪದ್ಮಿನಿ ಮುಖ್ಯವಾದದ್ದು. 1953ರಲ್ಲಿ ಇಟಲಿಯಲ್ಲಿ ಬಂದ ಫಿಯಟ್ 1100-103ರ ವಂಶದ ಈ ಕಾರನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿತ್ತು. 1089 ಸಿಸಿಯ ಸರಳ ಎಂಜಿನ್, ಸ್ಟೀರಿಂಗ್ ಬಳಿಯ ಗೇರು. ನುರಿತ ಮೆಕ್ಯಾನಿಕ್‌ಗೆ ಇದು ಅಂಗೈ ನೆಲ್ಲಿಕಾಯಿ. ಹೀಗಾಗಿ ಪದ್ಮಿನಿಯ ಮಟ್ಟಿಗೆ ಎಂಜಿನ್‌ಗಿಂತ ತಗಡೇ ದೊಡ್ಡ ಚಿಂತೆ.

ಕಾರಣ ಅದರ ರಚನೆಯಲ್ಲಿದೆ. ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ. ತಳ, ಬಾಗಿಲ ಕೆಳಗಿನ ಸಿಲ್, ಕಂಬ, ಮಾಡು ಎಲ್ಲ ಒಂದಾಗಿ ಭಾರ ಹೊರುತ್ತವೆ. ಸಿಲ್ ಕೊಳೆತರೆ ಮನೆಯ ತೊಲೆ ಗೆದ್ದಲು ಹಿಡಿದಂತೆ. ಬಾಗಿಲು ತೆರೆದಾಗ ಕೆಳಗೆ ಜೋತರೆ, ಮುಚ್ಚುವಾಗ ಎತ್ತಿ ಕೂರಿಸಬೇಕಾದರೆ, ಸುತ್ತಲಿನ ಸಂದು ಒಂದೇ ಸಮ ಇಲ್ಲದಿದ್ದರೆ ಸಿಲ್ ಅಥವಾ ಕೀಲಿನ ಕಂಬ ಸೋತಿರುವ ಅನುಮಾನ ಬರಬೇಕು. ಮ್ಯಾಟ್ ಎತ್ತಿ ತಳವನ್ನು ಸ್ಕ್ರೂಡ್ರೈವರ್‌ನಿಂದ ತಿವಿದು ನೋಡಬೇಕು. ಬಣ್ಣದ ಮೇಲೆ ಅಯಸ್ಕಾಂತ ಹಿಡಿದಾಗ ಅಂಟದ ಜಾಗದಲ್ಲಿ ದಪ್ಪ ಪುಟ್ಟಿ ಮೆತ್ತಿರುತ್ತಾರೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆಯಲ್ಲಿ ನಿಂತ ಕಾರುಗಳಲ್ಲಿ ಈ ಪರೀಕ್ಷೆಗೆ ಇನ್ನಷ್ಟು ಹೊತ್ತು ಕೊಡಬೇಕಾಗುತ್ತದೆ.

ಕೊಳೆತ ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಊರೆ ಕೊಡಬೇಕು. ಊರೆಯಿಲ್ಲದೆ ಕತ್ತರಿಸಿದರೆ ಬಾಡಿ ನಡುವೆ ಬಾಗಿ, ಆಮೇಲೆ ಯಾವ ಬಾಗಿಲೂ ಸರಿಯಾಗಿ ಕೂರುವುದಿಲ್ಲ.

ಚೆನ್ನೈಯಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಲೆಕ್ಕ ಬೇರೆ. ಅದರಲ್ಲಿ ಚಾಸಿ ಪ್ರತ್ಯೇಕವಾಗಿದ್ದು, ಬಾಡಿಯ ಭಾಗಗಳನ್ನು ಬೋಲ್ಟ್‌ಗಳಿಂದ ಕೂಡಿಸಲಾಗಿದೆ. ಇಲ್ಲಿ ಮೊದಲ ನೋಟ ಚಾಸಿಯ ಮೇಲೆ ಬೀಳಬೇಕು.

ಓಡಿಸುತ್ತಲೇ ಮಾಡುವ ಜೀರ್ಣೋದ್ಧಾರ

ತಗಡು ಗಟ್ಟಿಯಿದ್ದರೆ ಇಡೀ ಕಾರು ಬಿಚ್ಚುವ ಅಗತ್ಯವಿಲ್ಲ. ಒಂದೊಂದೇ ಭಾಗ ಸರಿಪಡಿಸುತ್ತ ಓಡಿಸಬಹುದು. ಬಿಡುವು, ಜಾಗ, ಹಣ ಮೂರೂ ಮಿತಿಯಲ್ಲಿರುವವರಿಗೆ ಈ ದಾರಿಯೇ ಮೇಲು. ಪೂರ್ತಿ ಬಿಚ್ಚಿದ ಕಾರು ಡಬ್ಬಿ, ಗೋಣಿಚೀಲಗಳಲ್ಲೇ ಉಳಿದು ಕೊನೆಗೆ ಗುಜರಿ ಸೇರುವ ಅಪಾಯ ಇದರಲ್ಲಿಲ್ಲ.

ಈ ದಾರಿಯಲ್ಲಿ ಕಾರು ಹೊರಡುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಯಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ವೀಲ್ ಸಿಲಿಂಡರ್ ಒಳಗೇ ತುಕ್ಕು ಹಿಡಿದು ರಬ್ಬರ್ ಕಿಟ್ ಹಾಳಾಗಿರುತ್ತದೆ. ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸ್‌ಗಳ ಜೊತೆ ಟೈರುಗಳನ್ನೂ ನೋಡಬೇಕು. ಟೈರಿನ ಪಕ್ಕದಲ್ಲಿ ‘2315’ ಎಂದಿದ್ದರೆ ಅದು 2015ರ 23ನೆಯ ವಾರದ್ದು. ಗುಂಡಿ ಎಷ್ಟೇ ಆಳವಾಗಿ ಕಂಡರೂ ವಯಸ್ಸಾದ ರಬ್ಬರ್ ಬಿರಿಯುತ್ತದೆ.

ಬಳಿಕ ಪೆಟ್ರೋಲ್ ಟ್ಯಾಂಕ್ ಮತ್ತು ವೈರಿಂಗ್. ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬೊರೇಟರ್‌ನ ಜೆಟ್ ಕಟ್ಟಿಸುತ್ತದೆ. ಇಲಿ ಕಡಿದ ತಂತಿಯಿಂದ ಬೆಂಕಿ ಹೊತ್ತಿಕೊಳ್ಳಬಹುದು, ಆದ್ದರಿಂದ ತಂತಿಗಳ ತಪಾಸಣೆ ಮುಗಿಯುವ ತನಕ ಬ್ಯಾಟರಿ ಜೋಡಿಸಬಾರದು. ಎಂಜಿನ್‌ಗೆ ಒಮ್ಮೆಲೇ ಸೆಲ್ಫ್ ಹೊಡೆಯುವುದು ತಪ್ಪು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದೆರಡು ದಿನ ನೆನೆಸಿ ಕೈಯಿಂದ ತಿರುಗಿಸಿ ನೋಡಬೇಕು. ಜಾಮ್ ಆದ ಪಿಸ್ಟನ್ ರಿಂಗನ್ನು ಬಲವಂತವಾಗಿ ಎಳೆದರೆ ಸಿಲಿಂಡರ್‌ಗೆ ಗೀರು ಬೀಳುತ್ತದೆ.

ದಾಖಲೆ ಮತ್ತು ಬಿಡಿಭಾಗ

ಬಿಚ್ಚುವ ಪ್ರತಿ ಭಾಗದ ಫೋಟೊ ತೆಗೆದು, ನಟ್ಟು ಬೋಲ್ಟುಗಳನ್ನು ಚೀಟಿ ಅಂಟಿಸಿದ ಪೊಟ್ಟಣಗಳಲ್ಲಿ ಇಡುವುದು ಮೊದಲ ದಿನದಿಂದಲೇ ನಡೆಯಬೇಕು. ಸವೆದ ಭಾಗವನ್ನೂ ಬದಲಿ ಸಿಗುವವರೆಗೆ ಎಸೆಯಬಾರದು. ಮಾದರಿ ಇದ್ದರೆ ಲೇತ್‌ನವರು ಹಾಗೆಯೇ ಮಾಡಿಕೊಡಬಲ್ಲರು. ಎಂಜಿನ್ ಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ವಿಚಾರಿಸಬಹುದು. ಲಾಂಛನ, ಕ್ರೋಮ್ ಪಟ್ಟಿ, ದೀಪದ ಗಾಜುಗಳಿಗೆ ಹೆಚ್ಚು ಅಲೆದಾಟ ಬೇಕು. ಹಾಗಾಗಿ ಎರಡು ಕಾರುಗಳಲ್ಲಿ ಒಂದನ್ನು ಆರಿಸುವ ಅವಕಾಶವಿದ್ದರೆ, ಓಡದಿದ್ದರೂ ಎಲ್ಲ ಭಾಗಗಳಿರುವ ಕಾರು ಲೇಸು.

ಬಣ್ಣ, ಬೀಡಿಂಗ್, ಸೀಟುಗಳ ಸರದಿ ಕಟ್ಟಕಡೆಗೆ ಬರುತ್ತದೆ. ಮೂಲ ಬಣ್ಣ ಯಾವುದಿತ್ತೆಂದು ತಿಳಿಯಲು ಡ್ಯಾಶ್‌ಬೋರ್ಡ್ ಹಿಂದೆ, ಡಿಕ್ಕಿಯ ಮ್ಯಾಟ್ ಅಡಿಯಲ್ಲಿ ಹುಡುಕಬೇಕು. ಕೆಲಸ ಆರಂಭಿಸುವವರು ಚೆನ್ನಾಗಿ ಉಳಿದಿರುವ ಹಳೆಯ ಕಾರುಗಳನ್ನು ಒಮ್ಮೆ ಕಣ್ಣಾರೆ ನೋಡಿಬರುವುದು ಒಳ್ಳೆಯದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯದಲ್ಲೂ ಅಂಥ ಕಾರುಗಳು ಸಾರ್ವಜನಿಕರ ವೀಕ್ಷಣೆಗೆ ಲಭ್ಯವಿವೆ.